ಓಡಿದರೆ ಗಾಳಿ, ನಿಂತರೆ ಕಾವಲಿ!

ನಂದಿ ಬೆಟ್ಟಕ್ಕೆ ರೋಪ್‌ವೇ ಮಾಡುತ್ತೇವೆಂದು 2023ರ ಮಾರ್ಚ್ ತಿಂಗಳಲ್ಲಿ ಅಡಿಗಲ್ಲು ಹಾಕಿದರು. ಸುಮಾರು 3 ಕಿ.ಮೀ. ದೂರ, ಹಗ್ಗದ ಮೇಲೆ ತೂಗುವ ಪೆಟ್ಟಿಗೆಯಲ್ಲಿ ಪ್ರಯಾಣ ಎಂಬ ಮಾತು ಕೇಳಿದಾಗಿನಿಂದ ನಮ್ಮ ಪೇಟೆಯ ಅಂಗಡಿ ಜಗಲಿಗಳಲ್ಲಿ, ಬಸ್ ನಿಲ್ದಾಣದ ಕಲ್ಲುಬೆಂಚುಗಳ ಮೇಲೆ ಇದೇ ಚರ್ಚೆ. ಚಾರ್ಜು ಎಷ್ಟು? ಹಗ್ಗ ಗಟ್ಟಿಯೋ? ಮುದುಕರು ಕೂರಬಹುದೋ? ಇಷ್ಟೆಲ್ಲಾ ಆದ ಮೇಲೆ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: "ಅಲ್ಲಾ ಸ್ವಾಮಿ, ಏಪ್ರಿಲ್-ಮೇ ಬಿಸಿಲಲ್ಲಿ ಆ ಗಾಜಿನ ಡಬ್ಬದೊಳಗೆ ಕೂತ್ರೆ ಬೆಂದುಹೋಗಲ್ವಾ? ಏ.ಸಿ. ಇರತ್ತೋ ಇಲ್ವೋ?"

ಮೇಲ್ನೋಟಕ್ಕೆ ಇದು ಸುಖವಾಗಿರುವವರ ಪ್ರಶ್ನೆ ಅನ್ನಿಸಬಹುದು. ಅಲ್ಲ. ಹೇಗೆಂದು ನೋಡೋಣ.

ಕರೆಂಟೇ ಇಲ್ಲದ ಪೆಟ್ಟಿಗೆ

ರೋಪ್‌ವೇ ಪೆಟ್ಟಿಗೆಗೆ ತನ್ನದು ಅಂತ ಎಂಜಿನ್ ಇಲ್ಲ. ದೊಡ್ಡ ಮೋಟಾರು ಕೂತಿರುವುದು ನಿಲ್ದಾಣದಲ್ಲಿ. ಅದು ಉಕ್ಕಿನ ಹಗ್ಗವನ್ನು ಬಾವಿಯ ರಾಟೆಯ ಹಾಗೆ ಸುತ್ತಿಸುತ್ತಲೇ ಇರುತ್ತದೆ. ಪೆಟ್ಟಿಗೆ ತನ್ನ ಉಕ್ಕಿನ ಹಿಡಿಯಿಂದ ಹಗ್ಗವನ್ನು ಕಚ್ಚಿಕೊಂಡು ಹೋಗುತ್ತದೆ, ಅಷ್ಟೆ. ನಿಲ್ದಾಣ ಬಂದಾಗ ಹಿಡಿ ಸಡಿಲಿಸಿ, ಜನ ಹತ್ತಿಳಿಯುವಷ್ಟು ನಿಧಾನವಾಗಿ ತೆವಳಿ, ಮತ್ತೆ ಕಚ್ಚಿಕೊಳ್ಳುತ್ತದೆ.

ಈ ಹಗ್ಗದಲ್ಲಿ ಕರೆಂಟು ಹರಿಯುವುದಿಲ್ಲ. ನಿಲ್ದಾಣಕ್ಕೆ ಬಂದಾಗ ಬ್ಯಾಟರಿಗೆ ಚಾರ್ಜು ತುಂಬಿಸಿಕೊಂಡು ದೀಪವನ್ನೋ ಸಣ್ಣ ಫ್ಯಾನನ್ನೋ ಓಡಿಸಬಹುದು. ಏ.ಸಿ. ಹಾಗಲ್ಲ. ಅದಕ್ಕೆ ಭಾರಿ ಬ್ಯಾಟರಿ ಬೇಕು, ಯಂತ್ರದ ತೂಕ ಬೇರೆ. ಆ ತೂಕವನ್ನೆಲ್ಲ ಹೊರಬೇಕಾದ್ದು ಅದೇ ಹಗ್ಗ. ತೂಕ ಹೆಚ್ಚಾದರೆ ಕೂರುವ ಜನ ಕಡಿಮೆ, ಜನ ಕಡಿಮೆಯಾದರೆ ಟಿಕೆಟ್ಟಿನ ದರ ಜಾಸ್ತಿ. ವ್ಯಾಪಾರ ಮಾಡುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಒಳಗಿನ ಕಾವು ಎಷ್ಟು?

ಸುಮ್ಮನೆ ಕೂತ ಮನುಷ್ಯನ ಮೈಯಿಂದ ಹೆಚ್ಚುಕಡಿಮೆ 100 ವಾಟ್ ಶಾಖ ಹೊರಡುತ್ತದೆ. ಎಂಟು ಜನ ಕೂತರೆ 800 ವಾಟ್. ಅಂದರೆ ಒಂದು ಇಸ್ತ್ರಿ ಪೆಟ್ಟಿಗೆಯನ್ನು ಆನ್ ಮಾಡಿ ನಡುವೆ ಇಟ್ಟುಕೊಂಡು ಕೂತ ಹಾಗೆ! ಇದು ಒಳಗಿನ ಕಾವು. ಇನ್ನು ಹೊರಗಿನದು. ನಡುಮಧ್ಯಾಹ್ನದ ನೇರ ಬಿಸಿಲು ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1000 ವಾಟ್ ಶಾಖ ಸುರಿಯುತ್ತದೆ. ಪೆಟ್ಟಿಗೆಗೆ ನಾಲ್ಕೂ ಕಡೆ ಪಾರದರ್ಶಕ ಕಿಟಕಿ. ಬಿಸಿಲು ಸಲೀಸಾಗಿ ಒಳಗೆ ಬರುತ್ತದೆ, ಶಾಖ ಅಷ್ಟೇ ಸಲೀಸಾಗಿ ಹೊರಗೆ ಹೋಗುವುದಿಲ್ಲ. ಬಿಸಿಲಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಕೂತವರಿಗೆ ಇದರ ಅನುಭವವಿದೆ.

ಮೇಲೆ ಹೋದಂತೆ ತಂಪಲ್ವೇ ಅಂತೀರಾ? ನಿಜ, ಆದರೆ ಪ್ರತಿ 100 ಮೀಟರಿಗೆ ಅರ್ಧ-ಮುಕ್ಕಾಲು ಡಿಗ್ರಿ ಮಾತ್ರ. ನಂದಿಯ ತುದಿ ಸಮುದ್ರಮಟ್ಟದಿಂದ 1,478 ಮೀಟರ್. ಅಲ್ಲಿ ಇಳಿದ ಮೇಲೆ ಹಾಯೆನಿಸಬಹುದು. ತಳದಲ್ಲಿ ಹತ್ತುವಾಗ ನಮ್ಮೂರಿನ ಬಿಸಿಲೇ ಬಿಸಿಲು.

ಗವಾಕ್ಷಿಯ ಉಪಾಯ

ಹಾಗಾದರೆ ಏ.ಸಿ. ಇಲ್ಲದೆ ಗತಿಯೇನು? ಗತಿ ಗಾಳಿಯೇ. ಪೆಟ್ಟಿಗೆ ಸಾಮಾನ್ಯವಾಗಿ ಸೆಕೆಂಡಿಗೆ 5-6 ಮೀಟರ್ ಓಡುತ್ತದೆ. ಗಂಟೆಗೆ 18ರಿಂದ ಸುಮಾರು 22 ಕಿ.ಮೀ. ಆಯಿತು. ಜೋರಾಗಿ ಸೈಕಲ್ ತುಳಿದಾಗ ಮುಖಕ್ಕೆ ಬಡಿಯುವ ಗಾಳಿ ಇದು. ಬೆವರು ಆರಿಸಲು ಇಷ್ಟು ಸಾಕು. ಆದರೆ ಆ ಗಾಳಿ ಒಳಗೆ ಬರಬೇಕಲ್ಲ?

ನಮ್ಮ ಅಜ್ಜಂದಿರು ಮನೆ ಕಟ್ಟುವಾಗ ಕೆಳಗೆ ಕಿಟಕಿ, ಮೇಲೆ ಗವಾಕ್ಷಿ ಇಡುತ್ತಿದ್ದರು. ಬಿಸಿಗಾಳಿ ಮೇಲೇರಿ ಗವಾಕ್ಷಿಯಿಂದ ಹೊರಗೆ, ತಂಪುಗಾಳಿ ಕೆಳಗಿನಿಂದ ಒಳಗೆ. ಒಳ್ಳೆಯ ಪೆಟ್ಟಿಗೆಯಲ್ಲೂ ಇದೇ ಉಪಾಯ. ಕೆಳಗೆ ಒಂದಷ್ಟು ಕಿಂಡಿ, ಮೇಲೆ ಓರೆಪಟ್ಟಿಯ ಕಿಂಡಿ. ಮಕ್ಕಳು ತಲೆ ಹಾಕುವ ಹಾಗಿಲ್ಲ, ಗಾಳಿಗೆ ಮಾತ್ರ ದಾರಿ. ಚಾವಣಿಗೆ ಬಿಳಿ ಬಣ್ಣ, ಚಾವಣಿ ಎರಡು ಪದರ. ಹೆಂಚಿನ ಮನೆಗೆ ಅಟ್ಟ ಇದ್ದರೆ ಕೆಳಗೆ ತಂಪಲ್ಲವೇ, ಹಾಗೆ. ಕಿಟಕಿಗೆ ಬಿಸಿಲು ತಡೆಯುವ ಬಣ್ಣದ ಹಾಳೆ. ಓಡಾಟವಿಲ್ಲದಾಗ ಪೆಟ್ಟಿಗೆಗಳನ್ನು ಬಯಲಿನಲ್ಲಿ ಕಾಯಿಸದೆ ನೆರಳಿನ ಶೆಡ್ಡಿನಲ್ಲಿ ಇಡುವುದು. ಇವಿಷ್ಟಕ್ಕೆ ಕರೆಂಟು ಬೇಡ, ಬ್ಯಾಟರಿ ಬೇಡ.

ಇದೇನು ಹೊಸ ಪ್ರಯೋಗವೂ ಅಲ್ಲ. ಸಿಂಗಪುರದಲ್ಲಿ ಫೇಬರ್ ಗುಡ್ಡದಿಂದ ಸೆಂಟೋಸಾ ದ್ವೀಪಕ್ಕೆ 1974ರಲ್ಲಿ ರೋಪ್‌ವೇ ಶುರುವಾಯಿತು. ವರ್ಷವಿಡೀ ಸೆಕೆಯ, ಮೈ ಅಂಟಂಟಾಗುವ ಊರದು. ಅಲ್ಲಿನ ಪೆಟ್ಟಿಗೆಗಳು ಏ.ಸಿ. ಇಲ್ಲದೆ ಕಿಂಡಿಯ ಗಾಳಿಯಲ್ಲೇ ಜನರನ್ನು ಸಾಗಿಸುತ್ತಾ ಬಂದಿವೆ. ಹಾಂಗ್‌ಕಾಂಗ್‌ನಲ್ಲಿ 2006ರಲ್ಲಿ ತೆರೆದ ನ್ಗಾಂಗ್ ಪಿಂಗ್ ರೋಪ್‌ವೇ 5.7 ಕಿ.ಮೀ. ಉದ್ದ, ಸುಮಾರು 25 ನಿಮಿಷದ ದಾರಿ. ಅಲ್ಲೂ ಗಾಳಿಕಿಂಡಿಯೇ ಆಧಾರ.

ನಮ್ಮ ದೇಶಕ್ಕೇ ಬನ್ನಿ. ಗುಜರಾತಿನ ಗಿರನಾರ್ ಬೆಟ್ಟ ಕರ್ನಾಟಕದ ಜೈನ ಬಂಧುಗಳಿಗೂ ಯಾತ್ರಾಸ್ಥಳ, ನೇಮಿನಾಥರು ಮೋಕ್ಷ ಪಡೆದ ಜಾಗವೆಂಬ ನಂಬಿಕೆ. ಅಲ್ಲಿ 2020ರ ಅಕ್ಟೋಬರಿನಲ್ಲಿ ರೋಪ್‌ವೇ ಬಂತು. ಅಂಬಾಜಿ ಗುಡಿಯವರೆಗೆ ಸುಮಾರು 5,000 ಮೆಟ್ಟಿಲು ಹತ್ತಬೇಕಿದ್ದವರು ಈಗ ಎಂಟು ನಿಮಿಷದೊಳಗೆ ಮೇಲಿರುತ್ತಾರೆ. ಎಂಟು ನಿಮಿಷದ ಸೆಕೆ ಯಾರನ್ನೂ ಕೊಲ್ಲುವುದಿಲ್ಲ. ದಿನಾ ಬಸ್ಸಿನಲ್ಲಿ ನಿಂತು ಬರುವ ನಮಗೆ ಅದೊಂದು ಲೆಕ್ಕವೇ?

ನಿಂತಾಗ ಏನು ಕಥೆ?

ಅಸಲು ಪ್ರಶ್ನೆ ಇರುವುದೇ ಇಲ್ಲಿ. ನಮ್ಮ ಬಸ್ಸನ್ನೇ ತೆಗೆದುಕೊಳ್ಳಿ. ಓಡುತ್ತಿದ್ದರೆ ಕಿಟಕಿಯಿಂದ ಗಾಳಿ, ಕೂತಲ್ಲೇ ಜೊಂಪು. ರೈಲ್ವೆ ಗೇಟಿನಲ್ಲಿ ಹತ್ತು ನಿಮಿಷ ನಿಲ್ಲಲಿ, ಬಸ್ಸು ದೋಸೆ ಕಾವಲಿ! ಆದರೆ ಬಸ್ಸಿನಿಂದ ಇಳಿದು ಮರದ ನೆರಳಿಗೆ ಹೋಗಬಹುದು. ನಡುಹಗ್ಗದಲ್ಲಿ ನಿಂತ ಪೆಟ್ಟಿಗೆಯಿಂದ ಎಲ್ಲಿಗೆ ಇಳಿಯುತ್ತೀರಿ?

ಇದು ಬರೀ ಹೆದರಿಕೆಯ ಮಾತಲ್ಲ. 2022ರ ಏಪ್ರಿಲ್ 10ರಂದು, ರಾಮನವಮಿಯ ದಿನ, ಜಾರ್ಖಂಡಿನ ದೇವಘರ್ ಬಳಿಯ ತ್ರಿಕೂಟ ಬೆಟ್ಟದಲ್ಲಿ ರೋಪ್‌ವೇ ಕೆಟ್ಟು ಪೆಟ್ಟಿಗೆಗಳು ನಡುಗಾಳಿಯಲ್ಲಿ ನಿಂತುಬಿಟ್ಟವು. ಮಕ್ಕಳು-ಮರಿಗಳ ಸಮೇತ ಹತ್ತಾರು ಜನ ಒಳಗೆ ಸಿಕ್ಕಿಬಿದ್ದರು. ವಾಯುಪಡೆಯ ಹೆಲಿಕಾಪ್ಟರುಗಳು ಬಂದು ಕೊನೆಯವರನ್ನು ಇಳಿಸುವ ಹೊತ್ತಿಗೆ 40 ಗಂಟೆಗೂ ಮೇಲಾಗಿತ್ತು. ಅವಘಡದಲ್ಲಿ, ರಕ್ಷಣೆಯ ವೇಳೆಯಲ್ಲಿ ಒಟ್ಟು ಮೂವರು ತೀರಿಕೊಂಡರು. ಏಪ್ರಿಲ್ ಬಿಸಿಲಲ್ಲಿ ಮೇಲಿದ್ದವರಿಗೆ ನೀರು, ಆಹಾರವನ್ನು ಡ್ರೋನ್ ಹಾರಿಸಿ ಮುಟ್ಟಿಸಬೇಕಾಯಿತು.

ಒಂದು ಕ್ಷಣ ಯೋಚಿಸಿ. ಅಲ್ಲಿ ಏ.ಸಿ. ಇದ್ದಿದ್ದರೆ ಏನು ಉಪಯೋಗವಾಗುತ್ತಿತ್ತು? ಬ್ಯಾಟರಿ ಎಷ್ಟು ಹೊತ್ತು ಬಂದೀತು? ಏ.ಸಿ. ಇದೆಯೆಂದು ಕಿಂಡಿ ಮುಚ್ಚಿದ ಪೆಟ್ಟಿಗೆಯಾಗಿದ್ದು, ಬ್ಯಾಟರಿ ಖಾಲಿಯಾಗಿದ್ದರೆ ಸ್ಥಿತಿ ಇನ್ನೂ ಘೋರ. ನಿಂತ ಪೆಟ್ಟಿಗೆಯಲ್ಲಿ ಜೀವ ಉಳಿಸುವುದು ಮೂರೇ: ತೆರೆದ ಕಿಂಡಿ, ಕುಡಿಯುವ ನೀರು, ಬೇಗ ಬರುವ ಸಹಾಯ.

ನಾವು ಕೇಳಬೇಕಾದದ್ದು

ಆದ್ದರಿಂದ "ಏ.ಸಿ. ಇದೆಯಾ?" ಎಂಬ ಪ್ರಶ್ನೆಯನ್ನು ಜಗಲಿಯಲ್ಲೇ ಬಿಟ್ಟು, ಬೇರೆ ನಾಲ್ಕು ಪ್ರಶ್ನೆ ಕೇಳೋಣ.

ಒಂದು, ಪೆಟ್ಟಿಗೆಗೆ ಕೆಳಗೂ ಮೇಲೂ ಗಾಳಿಕಿಂಡಿ ಉಂಟೋ? ನಿಂತಾಗಲೂ ಅವು ತೆರೆದಿರುತ್ತವೋ? ಎರಡು, ಕರೆಂಟು ಹೋದರೆ ಹಗ್ಗ ಎಳೆಯಲು ಡೀಸೆಲ್ ಎಂಜಿನ್ ಇರಬೇಕು. ಅದು ಎಷ್ಟು ನಿಮಿಷದಲ್ಲಿ ಶುರುವಾಗುತ್ತದೆ? ತಿಂಗಳಿಗೊಮ್ಮೆಯಾದರೂ ಓಡಿಸಿ ನೋಡುತ್ತಾರೋ? ಮೂರು, ಪೆಟ್ಟಿಗೆಯೊಳಗೆ ಕುಡಿಯುವ ನೀರು, ನಿಲ್ದಾಣದವರೊಡನೆ ಮಾತಾಡುವ ಸಾಧನ ಇಡುತ್ತಾರೋ? ನಾಲ್ಕು, ಹಗ್ಗದಿಂದ ಜನರನ್ನು ಇಳಿಸುವ ತರಬೇತಿ ಪಡೆದವರು ಬೆಟ್ಟದ ಬುಡದಲ್ಲೇ ಇರುತ್ತಾರೋ, ಇಲ್ಲಾ ದೂರದಿಂದ ಬರಬೇಕೋ?

ಇನ್ನು ಹತ್ತಿಳಿಯುವ ಸಾಲಿಗೆ ನೆರಳು ಬೇಕೇ ಬೇಕು. ರಜಾ ದಿನಗಳಲ್ಲಿ ಪೆಟ್ಟಿಗೆಯ ಪ್ರಯಾಣಕ್ಕಿಂತ ಸಾಲಿನಲ್ಲಿ ನಿಲ್ಲುವ ಹೊತ್ತೇ ಹೆಚ್ಚು. ಸುಸ್ತಾಗಿ ಬೀಳುವವರು ಬೀಳುವುದು ಅಲ್ಲೇ.

ಹತ್ತುವವರಿಗೂ ಒಂದೆರಡು ಮಾತು. ಬೇಸಿಗೆಯಲ್ಲಿ ಬೆಳಗ್ಗೆ ಬೇಗ ಇಲ್ಲವೇ ಬಿಸಿಲು ಇಳಿದ ಮೇಲೆ ಹೋಗಿ. ಹತ್ತಿ ಬಟ್ಟೆ, ಹೆಗಲಿಗೊಂದು ಟವೆಲ್ಲು, ಕೈಲೊಂದು ನೀರಿನ ಬಾಟ್ಲಿ. ಸೆಕೆಯಾದರೆ ಟವೆಲ್ಲು ಒದ್ದೆ ಮಾಡಿ ಕುತ್ತಿಗೆಗೆ ಹಾಕಿಕೊಳ್ಳಿ. ನಮ್ಮದು ಒಣಹವೆಯ ಸೀಮೆ, ಗಾಳಿ ಆಡಿದರೆ ತಟ್ಟನೆ ತಂಪಾಗುತ್ತದೆ. ಕೈಕೂಸು, ವಯಸ್ಸಾದವರು ಜೊತೆಗಿದ್ದರೆ ಬಿಸಿಲು ಬೀಳದ ಬದಿಯಲ್ಲಿ ಕೂರಿಸಿ.

ಅಡಿಗಲ್ಲು ಹಾಕುವ ದಿನ ಹಾರ, ತುರಾಯಿ, ಭಾಷಣ ಎಲ್ಲಾ ಚೆನ್ನಾಗಿಯೇ ಇರುತ್ತೆ. ಗಾಳಿಕಿಂಡಿಯ ಬಗ್ಗೆ ಯಾರೂ ಭಾಷಣ ಮಾಡುವುದಿಲ್ಲ. ಪೆಟ್ಟಿಗೆ ಹಗ್ಗಕ್ಕೆ ಏರಿದ ಮೇಲೆ ಕಿಂಡಿ ಕೊರೆಯುವುದಕ್ಕಿಂತ, ಆರ್ಡರು ಕೊಡುವ ಮೊದಲೇ ಕಾಗದದಲ್ಲಿ ಬರೆಸಿಕೊಳ್ಳುವುದು ಅಗ್ಗ. ಸಂಬಂಧಪಟ್ಟವರು ಈ ಕಡೆ ಗಮನ ಹರಿಸುವರೇ?