ಮೊನಾರ್ಕ್ ಹುಳುವಿಗೆ ಯಾವ ಎಲೆ?

ಬೇಸಿಗೆ ಬಂತೆಂದರೆ ಅಮೆರಿಕ, ಕೆನಡಾಗಳ ಅನೇಕ ಮನೆಗಳ ವರಾಂಡದಲ್ಲಿ ಬಲೆಯ ಪುಟ್ಟ ಪಂಜರಗಳು ಕಾಣಿಸಿಕೊಳ್ಳುತ್ತವೆ. ಅವುಗಳೊಳಗೆ ಹಳದಿ, ಕಪ್ಪು, ಬಿಳಿ ಪಟ್ಟೆಯ ಹುಳುಗಳು ಮೇಯುತ್ತಿರುತ್ತವೆ. ಕಿತ್ತಳೆ ರೆಕ್ಕೆಯ ಮೊನಾರ್ಕ್ ಚಿಟ್ಟೆಯ ಮರಿಗಳವು. ಮಿಲ್ಕ್‌ವೀಡ್ ಗಿಡದ ಎಲೆಯೊಂದೇ ಅವುಗಳ ಆಹಾರ. ಹಾಗಾಗಿ ಹುಳು ಸಾಕಬೇಕೆನ್ನುವವರು ಮೊದಲು ಕಲಿಯಬೇಕಾದದ್ದು ಎಲೆಯ ವಿಷಯ.

ಮಿಲ್ಕ್‌ವೀಡ್‌ನಲ್ಲಿ ಹತ್ತಾರು ಬಗೆಗಳಿವೆ. ಅಗಲ ಎಲೆಯ ಸಾಮಾನ್ಯ ಮಿಲ್ಕ್‌ವೀಡ್ ನೆಲದಡಿಯಲ್ಲೇ ಬೇರು ಹರಿಸಿ ಹಬ್ಬುತ್ತದೆ. ಒಂದೊಂದು ಎಲೆಯೂ ದೊಡ್ಡ ಊಟವೇನೋ ಹೌದು, ಆದರೆ ಕಿತ್ತ ಮೇಲೆ ಬೇಗ ಬಾಡುತ್ತದೆ. ಅದಕ್ಕೇ ತೊಟ್ಟಿಗೆ ಒದ್ದೆ ಕಾಗದ ಸುತ್ತಿಡುತ್ತಾರೆ. ತೇವದ ನೆಲ ಬಯಸುವ ಜೌಗು ಮಿಲ್ಕ್‌ವೀಡ್‌ನ ಎಲೆ ತೆಳು, ನೀಳ. ಮೊಟ್ಟೆಯಿಡಲು ಹೆಣ್ಣು ಚಿಟ್ಟೆಗಳಿಗೆ ಅದು ಬಲು ಇಷ್ಟ. ಮರಿಹುಳುಗಳಿಗೂ ಅದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಕಿತ್ತಳೆ ಹೂವಿನ ಬಟರ್‌ಫ್ಲೈ ವೀಡ್‌ನಲ್ಲಿ ಬಿಳಿ ಹಾಲೇ ಇಲ್ಲ, ಹೃದಯಕ್ಕೆ ಮಾರಕವಾದ ಕಾರ್ಡಿನೊಲೈಡ್ ವಿಷವೂ ತೀರ ಕಡಿಮೆ. ಉಷ್ಣವಲಯದ ಮಿಲ್ಕ್‌ವೀಡ್‌ನಲ್ಲಿ ಆ ವಿಷ ಧಾರಾಳ. ಹುಳು ಅದನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಚಿಟ್ಟೆಯಾದ ಮೇಲೆ ಹಕ್ಕಿಗಳಿಂದ ಅದನ್ನು ಕಾಯುವುದೂ ಇದೇ ವಿಷ.

ಎಕ್ಕದ ಎಲೆ ಚಿವುಟಿ ಹಾಲು ಕಂಡವರಿಗೆ ಈ ಗಿಡಗಳ ಸ್ವಭಾವ ಹೊಸದಲ್ಲ. ಎಕ್ಕವೂ ಇದೇ ಕುಟುಂಬದ್ದು. ಮೊನಾರ್ಕ್‌ನ ಹತ್ತಿರದ ಬಂಧು ಪ್ಲೇನ್ ಟೈಗರ್ ಚಿಟ್ಟೆಯ ಹುಳು ಕರ್ನಾಟಕದಲ್ಲಿ ಅದನ್ನೇ ಮೇಯುತ್ತದೆ. ಮಿಲ್ಕ್‌ವೀಡ್‌ನ ಹಾಲು ಅಂಟಿನಂಥದ್ದು, ಎಳೆ ಹುಳುವಿನ ಬಾಯನ್ನೇ ಮೆತ್ತಿಬಿಡಬಲ್ಲದು. ಅದನ್ನು ಗೆಲ್ಲಲು ಹುಳು ಹೂಡುವ ಉಪಾಯವನ್ನು ಭೂತಗನ್ನಡಿ ಹಿಡಿದು ನೋಡಬೇಕು. ಎಳೆಯ ಹುಳು ಎಲೆಯ ಮೇಲೆ ಪುಟ್ಟದೊಂದು ವೃತ್ತ ಕೊರೆದು, ಹಾಲು ಹರಿದುಹೋದ ಮೇಲೆ ಒಳಗಿನ ಭಾಗವನ್ನಷ್ಟೇ ತಿನ್ನುತ್ತದೆ. ಬಲಿತ ಹುಳು ತೊಟ್ಟನ್ನೇ ಕಚ್ಚುತ್ತದೆ. ಎಲೆ ಜೋಲುತ್ತದೆ, ಹಾಲಿನ ಹರಿವು ನಿಲ್ಲುತ್ತದೆ, ಆಮೇಲೆ ನಿಶ್ಚಿಂತೆಯಿಂದ ಊಟ ಶುರು. ಈ ಹಾಲು ನಮ್ಮ ಕಣ್ಣಿಗೂ ಅಪಾಯ. ಎಲೆ ಮುಟ್ಟಿದ ಕೈಯನ್ನು ತೊಳೆಯದೆ ಬಿಡಬಾರದು.

ಮೊಟ್ಟೆ ಒಡೆಯಲು ಮೂರ್ನಾಲ್ಕು ದಿನ ಬೇಕು, ಹುಳು ಬಲಿಯಲು ಸುಮಾರು ಎರಡು ವಾರ. ಈ ಅವಧಿಯಲ್ಲಿ ರೇಷ್ಮೆಹುಳುವಿನಂತೆಯೇ ಇದೂ ನಾಲ್ಕು ಸಲ ಪೊರೆ ಕಳಚುತ್ತದೆ. ರೇಷ್ಮೆ ಬೆಳೆಗಾರರು ಜ್ವರ ಎನ್ನುವ ಆ ಹೊತ್ತಿನಲ್ಲಿ ಹುಳು ಅಲುಗಾಡದೆ ಕೂತಿರುತ್ತದೆ. ಆಗ ಅದನ್ನು ಮುಟ್ಟಲೇಬಾರದು. ಕೊನೆಗೆ ಪಂಜರದ ಮಾಡಿಗೇರಿ, ರೇಷ್ಮೆಯ ಚಿಕ್ಕ ಗುಂಡಿ ನೇಯ್ದು, ಕೊಕ್ಕೆಯಂತೆ ಬಾಗಿ ತಲೆಕೆಳಗಾಗಿ ನೇತಾಡುತ್ತದೆ. ತಲೆಯ ಬಳಿಯ ಕಪ್ಪು ಎಳೆಗಳು ಮುದುಡಿ ಜೋತುಬಿದ್ದರೆ ಕಣ್ಣು ಕೀಳಬೇಡಿ. ಸ್ವಲ್ಪ ಹೊತ್ತಿಗೆಲ್ಲ ತಲೆಯ ಹಿಂದೆ ಚರ್ಮ ಬಿರಿದು, ಒಳಗಿನ ಹಸಿರು ಕೋಶ ಮೇಲಿನವರೆಗೂ ಪೊರೆಯನ್ನು ನೂಕುತ್ತ, ತುದಿಯ ಮುಳ್ಳನ್ನು ರೇಷ್ಮೆಗೆ ಸಿಕ್ಕಿಸಿಕೊಂಡು, ಹಳೆಯ ಚರ್ಮವನ್ನು ಉದುರಿಸಿಬಿಡುತ್ತದೆ. ಇಷ್ಟು ನಾಜೂಕಿನ ಕೆಲಸವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಾಕಣೆಯಲ್ಲಿ ದೊಡ್ಡ ಶತ್ರು ಓಇ ಎಂಬ ಏಕಕೋಶ ಪರಾವಲಂಬಿ. ಸೋಂಕು ತಗುಲಿದ ಚಿಟ್ಟೆಯ ಮೈಯಿಂದ ಅದರ ಬೀಜಕಗಳು ಎಲೆಗೆ ಉದುರುತ್ತವೆ, ಎಲೆಯಿಂದ ಮುಂದಿನ ಹುಳುವಿನ ಹೊಟ್ಟೆ ಸೇರುತ್ತವೆ. ಫ್ಲಾರಿಡಾ, ಟೆಕ್ಸಸ್‌ನಂಥ ಬೆಚ್ಚಗಿನ ಕಡೆ ಉಷ್ಣವಲಯದ ಮಿಲ್ಕ್‌ವೀಡ್ ಚಳಿಗಾಲದಲ್ಲೂ ಒಣಗುವುದಿಲ್ಲವಾದ್ದರಿಂದ ರೋಗ ಅದರ ಮೇಲೆಯೇ ಉಳಿದುಬಿಡುತ್ತದೆ. ಅಲ್ಲಿನವರು ಶರತ್ಕಾಲದಲ್ಲಿ ಅದನ್ನು ಬುಡದ ತನಕ ಕತ್ತರಿಸಬೇಕು. ಹಿಕ್ಕೆಯನ್ನು ದಿನವೂ ತೆಗೆಯಬೇಕು, ಪಂಜರವನ್ನು ಬ್ಲೀಚ್‌ನಿಂದ ತೊಳೆಯಬೇಕು, ಹುಳುಗಳನ್ನು ಕಿಕ್ಕಿರಿಸಬಾರದು. ಕೀಟನಾಶಕ ಸಿಂಪಡಿಸಿದ ನರ್ಸರಿ ಗಿಡವಂತೂ ಬೇಡವೇ ಬೇಡ.

ಮನೆಯೊಳಗಿನ ದೀಪದ ಬೆಳಕಿನಲ್ಲಿ ಬೆಳೆಸುವುದೂ ಸರಿಯಲ್ಲ. ಹಾಗೆ ಒಳಗೆ ಬೆಳೆದ ಚಿಟ್ಟೆಗಳು ದಕ್ಷಿಣದ ದಿಕ್ಕು ಹಿಡಿಯುವಲ್ಲಿ ಎಡವುತ್ತವೆಂದು ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ತೋರಿಸಿಕೊಟ್ಟರು. ಶರತ್ಕಾಲದ ಪೀಳಿಗೆ ಮೆಕ್ಸಿಕೋದ ಮಿಚೋಆಕಾನ್ ಬೆಟ್ಟಗಳವರೆಗೆ ಸಾವಿರಾರು ಕಿಲೋಮೀಟರ್ ಹಾರಬೇಕು. ದಿಕ್ಕು ತಪ್ಪಿದರೆ ಅದಕ್ಕೆ ಉಳಿಗಾಲವಿಲ್ಲ.

ಸಾಕಣೆಯಿಂದ ಚಿಟ್ಟೆಯ ಸಂತತಿ ಉಳಿದೀತೆಂದು ಪರಿಣತರು ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಕಲಿಯಲು, ಮಕ್ಕಳಿಗೆ ತೋರಿಸಲು ನಾಲ್ಕೈದು ಹುಳು ಸಾಕು. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೂ ಪರವಾನಗಿ ಬೇಕು. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಲ್ಲಿ ನನ್ನ ಕೋರಿಕೆ ಇಷ್ಟೇ: ಪಂಜರ ಕೊಳ್ಳುವ ಮೊದಲು ನಿಮ್ಮ ರಾಜ್ಯದ್ದೇ ಆದ ಮಿಲ್ಕ್‌ವೀಡ್ ಯಾವುದೆಂದು ತಿಳಿದು, ಹಿತ್ತಲಲ್ಲಿ ನಾಲ್ಕು ಗಿಡ ನೆಡಿ.