ಪ್ರಯಾಣಿಕನಿಲ್ಲದ ಸೂಟ್‌ಕೇಸ್ ಇಳಿಯುವುದೇಕೆ?

ಪ್ರಶ್ನೆ: ಚೆಕ್-ಇನ್ ಮಾಡಿದವರು ವಿಮಾನ ಹತ್ತದಿದ್ದರೆ, ಹೊರಡುವುದು ತಡವಾದರೂ ಅವರ ಸಾಮಾನನ್ನು ಕೆಳಗಿಳಿಸುವುದೇಕೆ?
– ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ದೇವನಹಳ್ಳಿ ಬಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿಯೂ ಪಾಲನೆಯಾಗುವ ಈ ನಿಯಮಕ್ಕೆ ಭಾರತದ ಮಟ್ಟಿಗೆ 1985ರ ಜೂನ್ 23ರ ದುರಂತವೇ ದೊಡ್ಡ ಕಾರಣವೆನ್ನಬೇಕು. ಅಂದು ಏರ್ ಇಂಡಿಯಾದ ‘ಕನಿಷ್ಕ’ ವಿಮಾನವು ಐರ್ಲೆಂಡಿನ ಸಮೀಪ ಅಟ್ಲಾಂಟಿಕ್ ಸಾಗರದ ಮೇಲೆ ಸ್ಫೋಟಗೊಂಡು 329 ಮಂದಿ ಅಸುನೀಗಿದರು. ವ್ಯಾಂಕೂವರಿನಲ್ಲಿ ಒಬ್ಬಾತನು ಬಾಂಬಿದ್ದ ತನ್ನ ಸೂಟ್‌ಕೇಸು ಟೊರಾಂಟೊದಲ್ಲಿ ಏರ್ ಇಂಡಿಯಾ ವಿಮಾನಕ್ಕೆ ವರ್ಗವಾಗುವಂತೆ ಸಿಬ್ಬಂದಿಯನ್ನು ಒಪ್ಪಿಸಿ, ತಾನು ಮಾತ್ರ ಹತ್ತದೆ ಉಳಿದಿದ್ದನು. ಟೊರಾಂಟೊದಲ್ಲಿ ಎಕ್ಸ್-ರೇ ಯಂತ್ರ ಕೆಟ್ಟುಹೋಗಿ, ಕೈಯಲ್ಲಿ ಹಿಡಿಯುವ ಸ್ಫೋಟಕ ಶೋಧಕವನ್ನೇ ನೆಚ್ಚಬೇಕಾಗಿ ಬಂದುದರಿಂದ ಅಲ್ಲಿಯೂ ಬಾಂಬು ಪತ್ತೆಯಾಗಲಿಲ್ಲ. ತರುವಾಯ, 1987ರ ಏಪ್ರಿಲ್ 1ರಂದು, ದೇಶದ ವಿಮಾನಯಾನ ಭದ್ರತೆಯ ನಿಯಮಗಳನ್ನು ರೂಪಿಸುವ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊವನ್ನು ಸ್ವತಂತ್ರ ಇಲಾಖೆಯಾಗಿ ಪುನರ್ರಚಿಸಲಾಯಿತು.

ಈಗ ಬ್ಯಾಗಿನ ಹಿಡಿಕೆಗೆ ಸುತ್ತುವ ಕಾಗದದ ಪಟ್ಟಿಯ ಬಾರ್‌ಕೋಡು ಪ್ರಯಾಣಿಕರ ಹೆಸರಿನೊಡನೆ ಕೂಡಿಕೊಂಡಿರುತ್ತದೆ; ಹತ್ತಿದವರ ಪಟ್ಟಿಗೂ ಏರಿಸಿದ ಬ್ಯಾಗುಗಳ ಪಟ್ಟಿಗೂ ತಾಳೆ ನೋಡುವ ಈ ಕ್ರಮದಲ್ಲಿ ಒಂದು ಹೆಸರು ತಪ್ಪಿದರೂ ಆ ಬ್ಯಾಗು ಕೆಳಗಿಳಿಯುತ್ತದೆ. ಆದರೆ ಬಾಂಬಿನೊಡನೆ ತಾನೂ ಸಾಯಲು ಸಿದ್ಧನಾದವನ ಮುಂದೆ ಈ ತಾಳೆ ನಿಷ್ಪ್ರಯೋಜಕವಾಗುವುದರಿಂದ, ಪ್ರತಿಯೊಂದು ಬ್ಯಾಗನ್ನೂ ಪ್ರತ್ಯೇಕವಾಗಿ ಯಂತ್ರದ ತಪಾಸಣೆಗೆ ಒಳಪಡಿಸಲಾಗುತ್ತದೆ.