ಚುರುಕು ಎಂದರೆ ಅವಸರವಲ್ಲ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಸಾಫ್ಟ್‌ವೇರ್ ತಯಾರಿಕೆಯ ವಿಚಾರವಾಗಿ ಲೇಖನ ಬರೆಯಹೊರಟಿರುವುದನ್ನು ಕಂಡು ನನ್ನ ಸಹಪಾಠಿಗಳು ನಗಬಹುದು, ಅಧ್ಯಾಪಕರು ಹುಬ್ಬೇರಿಸಬಹುದು. ಚರಿತ್ರೆ, ಅರ್ಥಶಾಸ್ತ್ರಗಳನ್ನು ಓದುವ ನನಗೆ ಈ ಗೊಡವೆ ಏಕೆ ಬಂತೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಈ ಶೈಕ್ಷಣಿಕ ವರ್ಷದ ಆರಂಭದಲ್ಲಿ ಬೆಂಗಳೂರಿನ ಕಂಪನಿಯೊಂದು ಅಂತಿಮ ಪದವಿ ತರಗತಿಯವರಿಗಾಗಿ ಸಂದರ್ಶನ ಏರ್ಪಡಿಸಿತ್ತು. ಸಾಫ್ಟ್‌ವೇರ್ ಬರೆಯುವ ಕೆಲಸವಲ್ಲ. ಬೇರೆಯವರು ಬರೆದದ್ದು ಸರಿಯಾಗಿ ನಡೆಯುತ್ತದೆಯೇ ಎಂದು ಪರೀಕ್ಷಿಸುವ ಕೆಲಸ. ಬಿ.ಎ. ಆದರೂ ಆದೀತು ಎಂದಿದ್ದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ತಂದೆಯವರು ಗಾರೆ ಕೆಲಸ ಮಾಡುತ್ತಾರೆ. ತಾಯಿ ಮನೆಯಲ್ಲಿಯೇ ರವಿಕೆ ಹೊಲಿಯುತ್ತಾರೆ. ಆ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೆಳಗಿನ ಮೊದಲ ಬಸ್ಸು ಹಿಡಿದು ಹೋದೆ. ಮೊದಲ ಎರಡು ಪ್ರಶ್ನೆಗಳು ಸುಗಮವಾಗಿಯೇ ಕಳೆದುವು. ಮೂರನೆಯದು, “ಅಜೈಲ್ ಎಂದರೇನು ಗೊತ್ತೆ?” ಎಂದು. ಎಲ್ಲಿಯೋ ಕೇಳಿದ್ದ ಪದ. ನಿಘಂಟಿನಲ್ಲಿ ‘ಚುರುಕು’ ಎಂದು ನೋಡಿದ ನೆನಪೂ ಇತ್ತು. “ಕೆಲಸವನ್ನು ಬೇಗ ಬೇಗ ಮಾಡಿ ಮುಗಿಸುವುದು, ಸಾರ್” ಎಂದೆ. ಕೇಳಿದವರು ಮುಗುಳ್ನಕ್ಕು ಹಾಳೆ ತಿರುವಿದರು. ಸಂಜೆ ಅಂಟಿಸಿದ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ.

ಆ ಒಂದು ಉತ್ತರದಿಂದಲೇ ಕೆಲಸ ತಪ್ಪಿತೆಂದು ಹೇಳಲಾರೆ. ಆದರೆ ಬಸ್ಸಿನಲ್ಲಿ ಹಿಂದಿರುಗುವಾಗ ಆ ಮುಗುಳ್ನಗೆಯೇ ಕಣ್ಣಮುಂದೆ ನಿಂತಿತ್ತು. ನಮ್ಮ ಚರಿತ್ರೆಯ ಅಧ್ಯಾಪಕರು ತರಗತಿಯಲ್ಲಿ ಪದೇ ಪದೇ ಹೇಳುವ ಮಾತೊಂದಿದೆ: ಯಾವ ಸಂಗತಿಯನ್ನಾಗಲಿ ಹತ್ತು ಜನರ ಬಾಯಿಂದ ಕೇಳಬೇಡಿ, ಮೂಲ ಆಕರಕ್ಕೆ ಹೋಗಿ ಎಂದು. ಶಾಸನಗಳಿಗೆ ಅನ್ವಯಿಸುವ ಈ ಮಾತು ಸಾಫ್ಟ್‌ವೇರಿಗೆ ಏಕೆ ಅನ್ವಯಿಸಬಾರದು? ಗ್ರಂಥಾಲಯದ ಗಣಕಯಂತ್ರದ ಮುಂದೆ ಕುಳಿತು ಹುಡುಕತೊಡಗಿದೆ.

ಹುಡುಕಿದಾಗ ಮೊದಲು ತಿಳಿದದ್ದು ನನ್ನ ನಿಘಂಟಿನ ತಪ್ಪಲ್ಲ, ಅದನ್ನು ನಾನು ಓದಿದ ರೀತಿಯ ತಪ್ಪು. ಕನ್ನಡದಲ್ಲಿಯೂ ಚುರುಕು ಬೇರೆ, ವೇಗ ಬೇರೆ. ಖೋಖೋ ಆಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೂರು ಮೀಟರು ಓಟದಲ್ಲಿ ಮೊದಲು ಬರುವ ಹುಡುಗನು ಖೋಖೋ ಅಂಕಣದಲ್ಲಿ ಅರ್ಧ ನಿಮಿಷದೊಳಗೆ ಔಟಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅಲ್ಲಿ ಬೇಕಾದದ್ದು ಎದುರಾಳಿ ಎದ್ದೊಡನೆ ತಟ್ಟನೆ ತಿರುಗಬಲ್ಲ ಕಾಲು. ಅಜೈಲ್ ಎಂಬ ಪದವನ್ನು ಸಾಫ್ಟ್‌ವೇರಿಗೆ ಹಚ್ಚಿದವರ ಮನಸ್ಸಿನಲ್ಲಿದ್ದುದೂ ಈ ತಿರುಗುವ ಶಕ್ತಿಯೇ.

ಹಾಗೆ ಹಚ್ಚಿದವರು ಹದಿನೇಳು ಮಂದಿ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಹಿಮತಾಣದಲ್ಲಿ ಅವರು ಸೇರಿದರು. ಒಬ್ಬೊಬ್ಬರೂ ತಮ್ಮದೇ ಆದ ಪದ್ಧತಿಗಳನ್ನು ಪ್ರಯೋಗಿಸುತ್ತಿದ್ದವರು. ಕೆಂಟ್ ಬೆಕ್, ಕೆನ್ ಶ್ವಾಬರ್, ಜೆಫ್ ಸದರ್‌ಲ್ಯಾಂಡ್, ಮಾರ್ಟಿನ್ ಫೌಲರ್ ಮುಂತಾದವರು ಅವರಲ್ಲಿದ್ದರು. ತಮ್ಮೆಲ್ಲರಲ್ಲಿ ಸಮಾನವಾದದ್ದೇನೆಂದು ಚರ್ಚಿಸಿ ಒಂದು ಪುಟಕ್ಕೂ ಕಡಿಮೆಯಾದ ಘೋಷಣೆಯೊಂದನ್ನು ಬರೆದರು. ನಾಲ್ಕು ಮೌಲ್ಯಗಳು, ಹಿಂದೆಯೇ ಹನ್ನೆರಡು ತತ್ತ್ವಗಳು. ಅವರ ಆಶಯವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ, ಪದ್ಧತಿ ಸಲಕರಣೆಗಳಿಗಿಂತ ಕೆಲಸ ಮಾಡುವ ಮನುಷ್ಯರು ದೊಡ್ಡವರು. ಕಟ್ಟು ಕಟ್ಟು ದಾಖಲೆಗಿಂತ ನಡೆಯುವ ಸಾಫ್ಟ್‌ವೇರ್ ದೊಡ್ಡದು. ಕರಾರಿನ ಎಳೆದಾಟಕ್ಕಿಂತ ಗಿರಾಕಿಯೊಡನೆ ಕೂಡಿ ನಡೆಯುವುದು ಮೇಲು. ಹಾಕಿಕೊಂಡ ಯೋಜನೆಗೆ ಜೋತುಬೀಳುವುದಕ್ಕಿಂತ ಬದಲಾದ ಸ್ಥಿತಿಗೆ ತಕ್ಕಂತೆ ತಿರುಗುವುದು ಮೇಲು.

ಇಷ್ಟನ್ನೇ ಓದಿ ಪುಸ್ತಕ ಮುಚ್ಚಿದವರಿಂದಲೇ ಅರ್ಧ ತಪ್ಪು ಕಲ್ಪನೆಗಳು ಹುಟ್ಟಿವೆ. ಘೋಷಣೆಯ ಕೊನೆಯಲ್ಲಿ ಒಂದು ಸಣ್ಣ ವಾಕ್ಯವಿದೆ: ಎರಡನೆಯ ಪಕ್ಕದ ಸಂಗತಿಗಳಿಗೂ ಬೆಲೆಯುಂಟು, ಆದರೆ ಮೊದಲನೆಯವಕ್ಕೆ ಹೆಚ್ಚು ಬೆಲೆ ಎಂಬ ಅರ್ಥದ್ದು. ಅನ್ನಕ್ಕಿಂತ ಆರೋಗ್ಯ ದೊಡ್ಡದೆಂದವನು ಊಟ ಬಿಡಿರೆಂದು ಹೇಳಿದಂತಾಗುವುದೆ? ಹಾಗಿದ್ದರೂ ‘ಅಜೈಲ್ ಎಂದರೆ ಯೋಜನೆ ಬೇಡ, ದಾಖಲೆ ಬೇಡ’ ಎಂಬ ಮಾತು ಎಲ್ಲೆಡೆಯೂ ಚಲಾವಣೆಯಲ್ಲಿದೆ. ವಾಸ್ತವದಲ್ಲಿ ಅಲ್ಲಿ ಯೋಜನೆ ಹೆಚ್ಚೇ. ಸ್ಕ್ರಮ್ ಎಂಬ ಪದ್ಧತಿಯಲ್ಲಿ ಕೆಲಸವನ್ನು ಒಂದು ತಿಂಗಳು ಅಥವಾ ಅದಕ್ಕೂ ಕಡಿಮೆ ಅವಧಿಯ ತುಂಡುಗಳಾಗಿ ಕತ್ತರಿಸುತ್ತಾರೆ. ಪ್ರತಿ ತುಂಡಿನ ಆರಂಭದಲ್ಲಿ ಯೋಜನೆ, ದಿನಾಲೂ ಅದರ ಪರಿಶೀಲನೆ, ಕೊನೆಯಲ್ಲಿ ಮಾಡಿದ್ದನ್ನು ಬೇಕಾದವರ ಮುಂದೆ ನಡೆಸಿ ತೋರಿಸುವುದು. ವರ್ಷಕ್ಕೊಮ್ಮೆ ಯೋಜಿಸಿ ಮರೆಯುವವನಿಗಿಂತ ಹದಿನೈದು ದಿನಕ್ಕೊಮ್ಮೆ ಯೋಜಿಸುವವನು ಯೋಜನೆ ಇಲ್ಲದವನೆ?

ಇದಕ್ಕೆ ವಿರುದ್ಧವಾದ ಹಳೆಯ ಕ್ರಮಕ್ಕೆ ‘ವಾಟರ್‌ಫಾಲ್’, ಅಂದರೆ ಜಲಪಾತ, ಎಂದು ಹೆಸರು. ಮೊದಲು ಬೇಡಿಕೆಗಳೆಲ್ಲವನ್ನೂ ಬರೆದುಕೊಳ್ಳುವುದು, ಆಮೇಲೆ ವಿನ್ಯಾಸ, ಆಮೇಲೆ ಬರವಣಿಗೆ, ಎಲ್ಲಕ್ಕೂ ಕೊನೆಗೆ ಪರೀಕ್ಷೆ. ನೀರು ಮೇಲಕ್ಕೆ ಹರಿಯದಂತೆ ಕೆಲಸವೂ ಹಿಂದಕ್ಕೆ ಬಾರದು. ಚರಿತ್ರೆಯ ವಿದ್ಯಾರ್ಥಿಯಾದ ನನಗೆ ಅತ್ಯಂತ ಕೌತುಕವೆನಿಸಿದ್ದು ಈ ಕ್ರಮದ ಮೂಲ. 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಎಂಬ ಇಂಜಿನಿಯರರು ಬರೆದ ಪ್ರಬಂಧದಲ್ಲಿ ಮೆಟ್ಟಿಲಿಳಿಯುವ ಪೆಟ್ಟಿಗೆಗಳ ಚಿತ್ರವೊಂದಿದೆ. ಜಲಪಾತದ ಪಿತಾಮಹರೆಂದು ಅನೇಕರು ಅವರನ್ನು ಉಲ್ಲೇಖಿಸುತ್ತಾರೆ. ಆ ಪ್ರಬಂಧವನ್ನು ತೆರೆದು ಓದಿದರೆ ಅದರಲ್ಲಿ ಜಲಪಾತ ಎಂಬ ಪದವೇ ಇಲ್ಲ! ಅಷ್ಟೇ ಅಲ್ಲ, ಚಿತ್ರದ ಕೆಳಗೆಯೇ, ಹೀಗೆ ಮಾಡುವುದು ಅಪಾಯಕರ, ಸೋಲನ್ನು ಕರೆದುಕೊಂಡಂತೆ ಎಂದು ಅವರು ಎಚ್ಚರಿಸಿದ್ದಾರೆ. ಹೊಸ ಬಗೆಯ ಕೆಲಸವಾದರೆ ಒಮ್ಮೆ ಚಿಕ್ಕದಾಗಿ ಮಾಡಿ ನೋಡಿ, ಕಲಿತು, ಎರಡನೆಯ ಸಲ ಮಾಡಿದ್ದನ್ನು ಗಿರಾಕಿಗೆ ಕೊಡಿ ಎಂದು ಸಲಹೆ ಮಾಡಿದ್ದಾರೆ. ಚಿತ್ರವನ್ನು ಮಾತ್ರ ನೋಡಿ ಕೆಳಗಿನ ಸಾಲನ್ನು ಓದದೆ ಹೋದ ಜಗತ್ತನ್ನು ನೆನೆದಾಗ ನನ್ನ ಸಂದರ್ಶನದ ಉತ್ತರದ ಬಗ್ಗೆ ಕೊಂಚ ಸಮಾಧಾನವಾಯಿತು.

ಇನ್ನು ‘ಬೇಗ’ ಎಂಬ ಮುಖ್ಯ ಭ್ರಮೆಗೆ ಬರುತ್ತೇನೆ. ಇದಕ್ಕೆ ನನಗೆ ದೊರೆತ ಉತ್ತಮ ನಿದರ್ಶನ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯಾದ ಎಫ್.ಬಿ.ಐ.ಯದು. ಕಾಗದದ ಕಡತಗಳನ್ನು ಗಣಕಕ್ಕೆ ಏರಿಸಬೇಕೆಂದು ಅವರು ಆರಂಭಿಸಿದ ಮೊದಲ ಪ್ರಯತ್ನವನ್ನು ಸುಮಾರು 17 ಕೋಟಿ ಡಾಲರು ವ್ಯಯಿಸಿದ ಮೇಲೆ 2005ರಲ್ಲಿ ಕೈಬಿಡಬೇಕಾಯಿತು. 2006ರಲ್ಲಿ ‘ಸೆಂಟಿನೆಲ್’ ಎಂಬ ಹೆಸರಿನಲ್ಲಿ ಪುನಃ ಆರಂಭಿಸಿದರು. ಗುತ್ತಿಗೆ ಹಿಡಿದ ದೊಡ್ಡ ಕಂಪನಿ ಕೆಲಸವನ್ನು ನಾಲ್ಕು ಹಂತಗಳಾಗಿ ವಿಂಗಡಿಸಿತ್ತು. 2010ರ ಆಗಸ್ಟಿನ ವೇಳೆಗೆ 45.1 ಕೋಟಿ ಡಾಲರುಗಳ ಅಂದಾಜಿನಲ್ಲಿ 40.5 ಕೋಟಿ ಖರ್ಚಾಗಿತ್ತು. ಕೈಗೆ ಬಂದದ್ದು ಎರಡು ಹಂತ ಮಾತ್ರ. ಆಗ ಎಫ್.ಬಿ.ಐ. ಕೆಲಸವನ್ನು ತಾನೇ ವಹಿಸಿಕೊಂಡು, ಚಿಕ್ಕ ತಂಡವೊಂದನ್ನು ಕಟ್ಟಿ, ಅಜೈಲ್ ಕ್ರಮದಲ್ಲಿ ಎರಡೆರಡು ವಾರಗಳ ತುಂಡುಗಳಾಗಿ ಮುಂದುವರಿಸಿತು. 2012ರ ಜುಲೈ 1ರಂದು ಸೆಂಟಿನೆಲ್ ಬಳಕೆಗೆ ಬಂತು.

ಈ ಕಥೆಯನ್ನು ಇಲ್ಲಿಗೆ ನಿಲ್ಲಿಸಿ ‘ನೋಡಿ, ಅಜೈಲ್ ಎಂದರೆ ವೇಗ’ ಎನ್ನುವವರಿದ್ದಾರೆ. ಆದರೆ ಅದೇ ತಂಡದ ಮೊದಲ ಅಂದಾಜಿನಂತೆ ಕೆಲಸ 2011ರಲ್ಲಿಯೇ ಮುಗಿಯಬೇಕಾಗಿತ್ತು. ಆ ವರ್ಷ ಬಹಳ ಮಂದಿ ನೌಕರರನ್ನು ಒಟ್ಟಿಗೆ ಕೂರಿಸಿ ಪರೀಕ್ಷಿಸಿದಾಗ ಯಂತ್ರಗಳು ಭಾರ ತಾಳದೆ ನಿಂತುಹೋದುವು. ದಿನಾಂಕ ಮುಂದಕ್ಕೆ ಹೋಯಿತು. ನನಗೆ ಮುಖ್ಯವೆನಿಸುವುದು ಈ ವಿಳಂಬವೇ. ಮುಂಚೆ ತಪ್ಪು ತಿಳಿಯುವುದಕ್ಕೆ ವರ್ಷಗಳು ಹಿಡಿಯುತ್ತಿದ್ದುವು. ಈಗ ಊರೆಲ್ಲ ಬಳಸುವ ಮುನ್ನವೇ ತಿಳಿಯಿತು. ತಪ್ಪು ಬೇಗ ತಿಳಿಯುತ್ತದೆ ಎಂಬುದಷ್ಟೇ ಇದರಲ್ಲಿರುವ ‘ಬೇಗ’.

ಇದನ್ನು ಮನೆಯಲ್ಲಿ ತಾಯಿಗೆ ವಿವರಿಸಲು ಹೋದೆ. ಅವರು ಹೊಸ ಗಿರಾಕಿಯ ರವಿಕೆಗೆ ದೊಡ್ಡ ದೊಡ್ಡ ಎಳೆ ಹಾಕಿ ಒಮ್ಮೆ ತೊಡಿಸಿ ನೋಡುವುದನ್ನು ಚಿಕ್ಕಂದಿನಿಂದಲೂ ಕಂಡಿದ್ದೇನೆ. “ಇದೂ ಹಾಗೆಯೇ ಅಮ್ಮಾ” ಎಂದೆ. ಅವರು ಯಂತ್ರ ನಿಲ್ಲಿಸದೆಯೇ, “ತೊಡಿಸಿ ನೋಡಿದರೆ ಆಯ್ತೇನೋ? ಒಳಗೆ ಬಟ್ಟೆ ಬಿಟ್ಟಿರಬೇಕು. ಬಿಡದೆ ಕತ್ತರಿಸಿದವರು ಬಿಗಿಯಾಯ್ತು ಅಂದಾಗ ಏನು ಮಾಡ್ತಾರೆ?” ಎಂದರು. ಹೊಲಿಗೆಯ ಮಾತಾದರೂ ನಾನು ಓದಿದ್ದ ಯಾವ ಬರಹದಲ್ಲಿಯೂ ಇದನ್ನು ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಕೆಂಟ್ ಬೆಕ್ಕರು 1999ರಲ್ಲಿ ವಿವರಿಸಿದ ‘ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್’ ಪದ್ಧತಿಯಲ್ಲಿ ಪ್ರೋಗ್ರಾಂ ಬರೆಯುವ ಮೊದಲೇ ಅದರ ಪರೀಕ್ಷೆಯನ್ನು ಬರೆದಿಡುವುದು, ಇಬ್ಬರು ಒಂದೇ ಯಂತ್ರದ ಮುಂದೆ ಕುಳಿತು ಬರೆಯುವುದು, ಬರೆದದ್ದನ್ನು ಮತ್ತೆ ಮತ್ತೆ ಹಸನು ಮಾಡುವುದು ಎಂದಿದೆ. ಇವೆಲ್ಲ ಹೊರಗೆ ಕಾಣದ, ಒಳಗೆ ಬಿಟ್ಟ ಬಟ್ಟೆ. ಇವಿಲ್ಲದೆ ಗಿರಾಕಿ ಹೇಳಿದಂತೆಲ್ಲ ಬದಲಾಯಿಸುತ್ತ ಹೋದರೆ ಸೀಳಿಹೋಗುತ್ತದೆ. ಶಿಸ್ತು ಬೇಡದವರಿಗೆ ಅಜೈಲ್ ಎಂಬ ಕಲ್ಪನೆ ಹೇಗೆ ಹುಟ್ಟಿತೋ ಆಶ್ಚರ್ಯ.

ಅದೇ ಪದ್ಧತಿಯಲ್ಲಿ ಇನ್ನೊಂದು ನಿಯಮವಿದೆ. ವಾರಕ್ಕೆ ನಲವತ್ತು ಗಂಟೆಯ ಕೆಲಸ. ಸ್ನೋಬರ್ಡಿನ ಹನ್ನೆರಡು ತತ್ತ್ವಗಳಲ್ಲಿಯೂ, ಎಲ್ಲರೂ ಎಂದೆಂದಿಗೂ ಕಾಯ್ದುಕೊಳ್ಳಬಹುದಾದ ಸಮಗತಿಯಲ್ಲಿ ಕೆಲಸ ನಡೆಯಬೇಕೆಂಬುದು ಒಂದು. ಇದನ್ನು ಓದಿದಾಗ ನಮ್ಮ ಬೀದಿಯ ಅಕ್ಕ ಒಬ್ಬರು ನೆನಪಾದರು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದಲ್ಲಿದ್ದಾರೆ. ದೀಪಾವಳಿಗೆ ಬಂದಾಗ ಕೇಳಿದೆ. “ನಮ್ಮಲ್ಲಿ ಎಲ್ಲವೂ ಅಜೈಲೇ ಕಣೋ” ಎಂದು ನಕ್ಕರು. ಬೆಳಿಗ್ಗೆ ನಿಂತು ನಡೆಸುವ ಸಭೆ ಇದೆ. ಗೋಡೆಯ ತುಂಬ ಬಣ್ಣದ ಚೀಟಿಗಳಿವೆ. ಆದರೆ ಏನೇನು ಮಾಡಬೇಕೆಂಬುದು ಆರು ತಿಂಗಳ ಹಿಂದೆಯೇ ಕರಾರಿನಲ್ಲಿ ಬರೆದಾಗಿದೆ, ಮುಗಿಸುವ ದಿನವೂ ನಿಶ್ಚಯವಾಗಿದೆ, ಬೆಲೆಯೂ ಅಷ್ಟೆ. ಗಿರಾಕಿ ನ್ಯೂಯಾರ್ಕಿನಲ್ಲಿ, ಅಲ್ಲಿಗೂ ಇಲ್ಲಿಗೂ ಋತುಮಾನಕ್ಕೆ ತಕ್ಕಂತೆ ಒಂಬತ್ತೂವರೆ ಅಥವಾ ಹತ್ತೂವರೆ ಗಂಟೆಗಳ ಅಂತರ. ಅವರೊಡನೆ ಮಾತನಾಡಬೇಕಾದರೆ ರಾತ್ರಿಯಾಗಬೇಕು. ಉಳಿದದ್ದು ಎರಡು ವಾರಕ್ಕೊಮ್ಮೆ ಬರುವ ಗಡುವು ಮಾತ್ರ. ವರ್ಷಕ್ಕೆ ಒಂದಿದ್ದ ಪರೀಕ್ಷೆಯನ್ನು ಇಪ್ಪತ್ತಾರು ಮಾಡಿ, ಸಿಲಬಸ್ಸನ್ನು ಮಾತ್ರ ಹಾಗೆಯೇ ಇಟ್ಟಂತೆ.

ಆ ಬೆಳಗಿನ ಸಭೆಯ ವಿಷಯವೂ ಹೀಗೆಯೇ. ಸ್ಕ್ರಮ್ ಪದ್ಧತಿಯ ಅಧಿಕೃತ ಕೈಪಿಡಿಯಲ್ಲಿ ಅದು ಹದಿನೈದು ನಿಮಿಷದ್ದೆಂದಿದೆ, ನಿಂತೇ ನಡೆಸಬೇಕೆಂದು ಎಲ್ಲಿಯೂ ಇಲ್ಲ. ಅದು ಕೆಲಸಗಾರರು ತಮ್ಮತಮ್ಮೊಳಗೆ ಮಾತನಾಡಿಕೊಳ್ಳಲು ಇರುವುದು. ಮೇಲಧಿಕಾರಿಗೆ ಹಾಜರಿ ಕೊಡಲಲ್ಲ. ಕೆಲಸದ ಗಾತ್ರವನ್ನು ಅಂದಾಜು ಮಾಡಲು ‘ಸ್ಟೋರಿ ಪಾಯಿಂಟ್’ ಎಂಬ ಅಂಕಗಳನ್ನು ಕೊಡುವುದುಂಟು. ಅವನ್ನು ಒಬ್ಬೊಬ್ಬ ನೌಕರನ ಯೋಗ್ಯತೆ ಅಳೆಯುವ ಮೊಳಕೋಲು ಮಾಡಿಕೊಂಡಿರುವುದು ಇನ್ನೊಂದು ವಿಪರ್ಯಾಸ. ಹದಿನೇಳು ಮಂದಿಯಲ್ಲಿ ಒಬ್ಬರಾದ ರಾನ್ ಜೆಫ್ರೀಸರು, ಅದನ್ನು ಕಂಡುಹಿಡಿದವನು ಪ್ರಾಯಶಃ ನಾನೇ, ಹಾಗಿದ್ದರೆ ವಿಷಾದವಾಗುತ್ತದೆ ಎಂಬರ್ಥದಲ್ಲಿ ಬರೆದುಕೊಂಡಿದ್ದಾರೆ.

ಹಾಗಾದರೆ ಎಲ್ಲ ಕೆಲಸಕ್ಕೂ ಇದೇ ಸರಿಯೆ? ತಂದೆಯವರು ಒಪ್ಪಲಿಲ್ಲ. “ಮೋಲ್ಡ್ ಹಾಕಿದ ಮೇಲೆ ಕಂಬ ಪಕ್ಕಕ್ಕೆ ಸರಿಸು ಅಂದ್ರೆ ಯಾರಪ್ಪ ಸರಿಸ್ತಾರೆ?” ಎಂದರು. ಅದು ನಿಜ. ತಿದ್ದುವುದಕ್ಕೆ ಕಡಿಮೆ ಖರ್ಚು ತಗಲುವ ಕೆಲಸದಲ್ಲಿ ಮಾತ್ರ ಈ ಕ್ರಮ ತನ್ನ ಪೂರ್ತಿ ಫಲ ಕೊಡುತ್ತದೆ. ಸಾಫ್ಟ್‌ವೇರ್ ಸಾಧಾರಣವಾಗಿ ಸಿಮೆಂಟಿಗಿಂತ ರವಿಕೆಗೆ ಹತ್ತಿರ. ಆದರೂ ಸಾಫ್ಟ್‌ವೇರಿಗಷ್ಟೇ ಮೀಸಲೆನ್ನುವುದೂ ತಪ್ಪು. ರಗ್ಬಿ ಆಟದಿಂದ ಬಂದ ಸ್ಕ್ರಮ್ ಎಂಬ ಮಾತನ್ನು ಈ ಅರ್ಥದಲ್ಲಿ ಮೊದಲು ಬಳಸಿದ ತಾಕೆಉಚಿ, ನೊನಾಕಾ ಎಂಬ ಜಪಾನಿ ವಿದ್ವಾಂಸರ 1986ರ ಲೇಖನವು ಹೊಂಡಾ ಕಾರು, ಕ್ಯಾನನ್ ಕ್ಯಾಮರಾಗಳಂತಹ ವಸ್ತುಗಳ ತಯಾರಿಕೆಯನ್ನು ಕುರಿತದ್ದು.

ಬರುವ ತಿಂಗಳು ಇನ್ನೊಂದು ಕಂಪನಿ ನಮ್ಮ ಕಾಲೇಜಿಗೆ ಬರುವುದಿದೆ. ಅದೇ ಪ್ರಶ್ನೆ ಬಂದರೆ ಏನು ಹೇಳಲೆಂದು ಅಕ್ಕನಿಗೆ ಫೋನು ಮಾಡಿ ಕೇಳಿದೆ. “ಓದಿದ್ದನ್ನೇ ಹೇಳು. ಆದ್ರೆ ಆ ನಲವತ್ತು ಗಂಟೆ ವಿಷಯ ಮಾತ್ರ ಎತ್ತಬೇಡ” ಎಂದರು. ಎತ್ತಬೇಕೋ ಬೇಡವೋ ನಾನಿನ್ನೂ ನಿಶ್ಚಯಿಸಿಲ್ಲ.